ಸಂಶೋಧನಾ ವೆಬ್‌ಸೈಟ್‌ಗೆ ಯಾವ ಟೆಂಪ್ಲೇಟ್: ಕ್ವಾರ್ಟೊನಾ, ಅಲ್-ಫೋಲಿಯೋನಾ?

ಪಾಷಾಣ, ಪುಣೆ: ಪಿಎಚ್‌ಡಿ ಕೆಲಸಕ್ಕೆ ಸ್ವಂತ ಸೈಟ್ ಬೇಕು. ಪ್ರಬಂಧಗಳ ಪಟ್ಟಿ, ಹವಾಮಾನ ಇಲಾಖೆಯ ಮಳೆ ದತ್ತಾಂಶದ ಮೇಲಿನ ಪೈಥಾನ್ ನೋಟ್‌ಬುಕ್ (ಕೋಡ್, ಗ್ರಾಫ್, ವಿವರಣೆ ಒಟ್ಟಿಗಿರುವ ಕಡತ), ಜೊತೆಗೆ ಕನ್ನಡದಲ್ಲಿ ಕೆಲವು ಪಾಠ. ಗಿಟ್‌ಹಬ್ ಪೇಜಸ್‌ನಲ್ಲೇ (ಗಿಟ್‌ಹಬ್ ಸೈಟ್‌ಗೆ ಕೊಡುವ ಜಾಗ) ಇಡೋದು. ಯಾವ ಟೆಂಪ್ಲೇಟ್ ಒಳ್ಳೇದು? ಬಳಸಿದವರು ಹೇಳಿ.

ಡೊಂಬಿವಲಿ: ನೋಟ್‌ಬುಕ್ ಇದೆ ಅಂದಮೇಲೆ ಕ್ವಾರ್ಟೊ, ಅದು ನೋಟ್‌ಬುಕ್ ಓಡಿಸಿ ವೆಬ್‌ಪುಟ ಮಾಡುವ ತಂತ್ರಾಂಶ. ಸಂರಚನೆಯ ವೈಎಂಎಲ್ ಕಡತದಲ್ಲಿ 'ಎಕ್ಸಿಕ್ಯೂಟ್' ಕೆಳಗೆ 'ಫ್ರೀಜ್: ಆಟೋ' ಹಾಕಿ, ಹುಟ್ಟುವ ಫ್ರೀಜ್ ಫೋಲ್ಡರನ್ನೂ ಕಮಿಟ್ ಮಾಡಿ (ಗಿಟ್‌ಹಬ್‌ಗೆ ಹೋಗುವ ಕಡತಗಳ ಜೊತೆ ಸೇರಿಸಿ). ಆಗ ಲೆಕ್ಕ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಮುಗಿಯುತ್ತೆ, ಗಿಟ್‌ಹಬ್ ಪುಟ ಮಾತ್ರ ಕಟ್ಟುತ್ತೆ. ಒಂದು ತೊಡಕು: ಫ್ರೀಜ್ ನೋಡೋದು ಮೂಲ ಕಡತ ಬದಲಾಯಿತಾ ಅಂತ ಮಾತ್ರ. ಸಿಎಸ್‌ವಿ (ದತ್ತಾಂಶದ ಕೋಷ್ಟಕ ಕಡತ) ಬದಲಾಯಿಸಿ ನೋಟ್‌ಬುಕ್ ಮುಟ್ಟದಿದ್ದರೆ ಹಳೇ ಗ್ರಾಫೇ ಕೂತಿರುತ್ತೆ. ಆ ಒಂದು ಕಡತವನ್ನೇ ಹೆಸರಿಸಿ ರೆಂಡರ್ ಮಾಡಿದರೆ (ಪುಟ ಕಟ್ಟಿಸಿದರೆ) ಹೊಸದಾಗಿ ಓಡುತ್ತೆ.

ಮೂಲ ದತ್ತಾಂಶ ರೆಪೊದಲ್ಲಿ (ಗಿಟ್‌ಹಬ್‌ನಲ್ಲಿರುವ ನಿಮ್ಮ ಕಡತಗಳ ಸಂಗ್ರಹ) ಬೇಡ. 0.25 ಡಿಗ್ರಿ ಗ್ರಿಡ್‌ನ ದಿನವಹಿ ಮಳೆ ವರ್ಷಕ್ಕೆ ಸುಮಾರು 25 ಎಂಬಿ. 40 ವರ್ಷ ಸೇರಿಸಿದರೆ ಪೇಜಸ್‌ನ 1 ಜಿಬಿ ಮಿತಿ ಅಲ್ಲಿಗೇ ಭರ್ತಿ. ಜಿಲ್ಲಾವಾರು ಸರಾಸರಿ ತೆಗೆದ ಸಣ್ಣ ಸಿಎಸ್‌ವಿ ಇಡಿ, ಮೂಲಕ್ಕೆ ಕೊಂಡಿ ಕೊಡಿ.

ಪೊವಾಯಿ: ಡೊಂಬಿವಲಿಯವರ ಮಾತು ಸರಿ, ಆದರೆ ಪ್ರಬಂಧಗಳ ಪಟ್ಟಿಗೆ ಅಲ್-ಫೋಲಿಯೋಗೆ (ಜೆಕಿಲ್ ಎಂಬ ಸೈಟ್ ಕಟ್ಟುವ ತಂತ್ರಾಂಶದ ಟೆಂಪ್ಲೇಟ್) ಸಾಟಿಯಿಲ್ಲ. ಬಿಬ್‌ಟೆಕ್ ಕಡತ (ಪ್ರಬಂಧಗಳ ವಿವರ ಬರೆದಿಡುವ ಪಠ್ಯ ಕಡತ) ಹಾಕಿದರೆ ವರ್ಷವಾರು ಪಟ್ಟಿ ತಾನೇ ಬರುತ್ತೆ. ಸಂರಚನೆಯ 'ಸ್ಕಾಲರ್' ಭಾಗದಲ್ಲಿ ನಿಮ್ಮ ಹೆಸರು ಕೊಟ್ಟರೆ ಸಹಲೇಖಕರ ನಡುವೆ ಅದು ಎದ್ದು ಕಾಣುತ್ತೆ. ಹೆಚ್ಚಿನವರು ಎಡವೋದು ಮೂರು ಕಡೆ. ರೆಪೊ ಹೆಸರು 'ಬಳಕೆದಾರಹೆಸರು.ಗಿಟ್‌ಹಬ್.ಐಒ' ಆಗಿದ್ದರೆ ಸಂರಚನೆಯ 'ಬೇಸ್‌ಯುಆರ್‌ಎಲ್' ಖಾಲಿ ಬಿಡಬೇಕು, ಇಲ್ಲದಿದ್ದರೆ ಸಿಎಸ್‌ಎಸ್ (ಪುಟದ ಅಲಂಕಾರದ ಕಡತ) ಸಿಗದೆ ಪುಟ ಬರೀ ಅಕ್ಷರವಾಗಿ ಬರುತ್ತೆ. ಆಕ್ಷನ್ಸ್ (ಗಿಟ್‌ಹಬ್‌ನಲ್ಲಿ ಸೈಟನ್ನು ತಾನಾಗಿ ಕಟ್ಟುವ ಸೌಲಭ್ಯ) ಸೆಟ್ಟಿಂಗ್‌ನಲ್ಲಿ ಓದು-ಬರಹ ಎರಡಕ್ಕೂ ಅನುಮತಿ ಕೊಡಿ. ಪೇಜಸ್‌ಗೆ 'ಮೇನ್' ಅಲ್ಲ, ಕಟ್ಟಿದ ಪುಟಗಳಿರುವ 'ಜಿಎಚ್-ಪೇಜಸ್' ಶಾಖೆ ತೋರಿಸಿ.

ಬರಹ ಬೆಳಿಗ್ಗೆ ಹಾಕಿದರೂ ಮಧ್ಯಾಹ್ನದವರೆಗೆ ಕಾಣದಿದ್ದರೆ ಗಾಬರಿ ಬೇಡ. ಗಿಟ್‌ಹಬ್ ಯಂತ್ರದ ಗಡಿಯಾರ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದೆ. ಬರಹದ ಮೇಲೆ ಹಾಕಿದ ಬೆಳಗಿನ ಸಮಯ ಅಲ್ಲಿ ಇನ್ನೂ ಬಂದಿರೋದಿಲ್ಲ, ಆದ್ದರಿಂದ ಜೆಕಿಲ್ ಅದನ್ನು ಮುಂದಿನ ಸಮಯದ್ದು ಅಂತ ಬಿಟ್ಟುಬಿಡುತ್ತೆ. ಬೆಳಿಗ್ಗೆ ಬಿಟ್ಟದ್ದನ್ನು ಮಧ್ಯಾಹ್ನ ತಾನಾಗಿ ಸೇರಿಸೋದೂ ಇಲ್ಲ, ಮತ್ತೆ ಬಿಲ್ಡ್ ಆಗಬೇಕು. ಸಂರಚನೆಯಲ್ಲಿ 'ಟೈಮ್‌ಝೋನ್: ಏಷ್ಯಾ/ಕೋಲ್ಕತಾ' ಬರೆದರೆ ಸಮಸ್ಯೆ ಮುಗೀತು.

ವಾಸ್ಕೊ: ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲ. ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೇ ಆವೃತ್ತಿಗಳಿಗೆ ಒತ್ತಕ್ಷರ ಜೋಡಿಸೋದು ಗೊತ್ತಿಲ್ಲ. ಅಕ್ಷದ ಮೇಲೆ 'ಮಳೆ ಪ್ರಮಾಣ' ಅಂತ ಕೊಟ್ಟರೆ 'ಪ್ರ' ಒಡೆದು ಪಕಾರ, ವಿರಾಮ ಚಿಹ್ನೆ (್), ರಕಾರ ಬೇರೆಬೇರೆ ನಿಲ್ಲುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದರೂ ಅಷ್ಟೇ. ಬ್ರೌಸರ್‌ನಲ್ಲೇ ಗ್ರಾಫ್ ತೋರಿಸುವ ಪ್ಲಾಟ್ಲಿ ಬಳಸಿ, ಅಕ್ಷರ ಜೋಡಿಸೋದು ಬ್ರೌಸರ್ ಆದ್ದರಿಂದ ಸರಿಯಾಗಿ ಬರುತ್ತೆ. ಕ್ವಾರ್ಟೊದಿಂದ ಪಿಡಿಎಫ್ ತೆಗೆಯೋದಾದರೆ 'ಮೇನ್‌ಫಾಂಟ್'ನಲ್ಲಿ ಕನ್ನಡ ಫಾಂಟ್ ಹೆಸರು ಕೊಡಿ, ಇಲ್ಲದಿದ್ದರೆ ಕನ್ನಡ ಇರಬೇಕಾದ ಜಾಗ ಖಾಲಿ.

ಇನ್ನೊಂದು: ಚಿತ್ರದ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಬೇಡ. ವಿಂಡೋಸ್‌ನಲ್ಲಿ ನಡೆಯುತ್ತೆ, ಗಿಟ್‌ಹಬ್‌ಗೆ ಹೋದಮೇಲೆ 404 (ಕಡತ ಸಿಗಲಿಲ್ಲ ಎಂಬ ದೋಷ).

ಪಾಷಾಣ, ಪುಣೆ: ಹಾಗಾದರೆ ಕ್ವಾರ್ಟೊ. ಸ್ವಂತ ಡೊಮೇನ್ ಕೊಂಡರೆ?

ಡೊಂಬಿವಲಿ: 'ಡಬ್ಲ್ಯುಡಬ್ಲ್ಯುಡಬ್ಲ್ಯು'ಗೆ ಡೊಮೇನ್ ಕೊಂಡ ಕಡೆ ಸಿನೇಮ್ ದಾಖಲೆ (ಒಂದು ವಿಳಾಸವನ್ನು ಇನ್ನೊಂದಕ್ಕೆ ತೋರಿಸುವ ನಮೂದು) ಮಾಡಿ, ಅದನ್ನು ನಿಮ್ಮ ಗಿಟ್‌ಹಬ್.ಐಒ ವಿಳಾಸಕ್ಕೆ ತೋರಿಸಿ. ಡೊಮೇನನ್ನು ಸೆಟ್ಟಿಂಗ್‌ನಲ್ಲಿ ಮಾತ್ರ ಬರೆದರೆ ಮುಂದಿನ ಪಬ್ಲಿಷ್‌ನಲ್ಲಿ ಅಳಿಸಿಹೋಗುತ್ತೆ. 'ಸಿನೇಮ್' ಹೆಸರಿನ ಕಡತವನ್ನೇ ಪ್ರಾಜೆಕ್ಟ್‌ನ ಬುಡದಲ್ಲಿಟ್ಟು ವೈಎಂಎಲ್‌ನ 'ರಿಸೋರ್ಸಸ್' ಪಟ್ಟಿಗೆ ಸೇರಿಸಿ.