ಹೆಸರು ನಮ್ಮದು, ಅರ್ಜಿ ಅವರದು: ಟ್ರೇಡ್‌ಮಾರ್ಕ್ ವಕೀಲೆಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮನೆಯಲ್ಲೇ ಪುಡಿ, ಉಪ್ಪಿನಕಾಯಿ, ತಿಂಡಿ ಮಾಡಿ ಮಾರುವ ನಮ್ಮ ಗುಂಪಿಗೆ ಇವತ್ತು, ಸೆಪ್ಟೆಂಬರ್ 28, ಟ್ರೇಡ್‌ಮಾರ್ಕ್ ವಕೀಲೆಯೊಬ್ಬರು ಬಂದಿದ್ದಾರೆ. ಸಂಜೆ 4ರಿಂದ 6 ಗಂಟೆಯವರೆಗೆ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಉಪ್ಪಿನಕಾಯಿ, ಸಾಗರ: ನಮಸ್ಕಾರ ಮೇಡಂ. ಹೆಸರು ನೋಂದಣಿಗೆ ಎಷ್ಟಾಗುತ್ತದೆ?

ವಕೀಲೆ: ನಮಸ್ಕಾರ. ಆನ್‌ಲೈನ್‌ನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ ಒಂದು ಕ್ಲಾಸಿಗೆ, ಅಂದರೆ ಮಾಲು ಅಥವಾ ಸೇವೆಯ ಒಂದು ವರ್ಗಕ್ಕೆ, 4,500 ರೂಪಾಯಿ. ಇದು ಒಬ್ಬ ವ್ಯಕ್ತಿಗೆ, ಸ್ಟಾರ್ಟಪ್‌ಗೆ, ಸಣ್ಣ ಉದ್ಯಮಕ್ಕೆ. ಉಳಿದವರಿಗೆ 9,000. ವಕೀಲರ ಫೀಸು ಬೇರೆ. ಒಟ್ಟು 45 ಕ್ಲಾಸ್ ಇವೆ. ಉಪ್ಪಿನಕಾಯಿ, ತುಪ್ಪ 29ರಲ್ಲಿ. ಮಸಾಲೆ, ಕಾಫಿಪುಡಿ 30ರಲ್ಲಿ. ಹೋಟೆಲ್ 43ರಲ್ಲಿ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸುತ್ತಾ ಹೋಗಬಹುದು.

ಸಾಂಬಾರ್ ಪುಡಿ, ಮೈಸೂರು: ನನಗೆ ಜಿಎಸ್‌ಟಿ ಇದೆ, ಎಫ್‌ಎಸ್‌ಎಸ್‌ಎಐ ಇದೆ. ಇನ್ನೂ ಟ್ರೇಡ್‌ಮಾರ್ಕ್ ಯಾಕೆ ಮೇಡಂ?

ವಕೀಲೆ: ಜಿಎಸ್‌ಟಿ ತೆರಿಗೆಗೆ, ಎಫ್‌ಎಸ್‌ಎಸ್‌ಎಐ ಆಹಾರದ ಸುರಕ್ಷತೆಗೆ. ಎರಡೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ.

ತುಪ್ಪ, ಬೆಳಗಾವಿ: ದುಬೈಗೆ ಮಾಲು ಕಳಿಸುತ್ತೇನೆ. ಇಲ್ಲಿಯ ನೋಂದಣಿ ಅಲ್ಲಿ ನಡೆಯುತ್ತಾ?

ಚಟ್ನಿಪುಡಿ, ರಾಣೆಬೆನ್ನೂರು: ಮೇಡಂ, 2013ರಿಂದ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸಿ ಪುಡಿ ಮಾಡುತ್ತಿದ್ದೇನೆ. ನಮ್ಮ ಅತ್ತೆಯ ಹೆಸರು ಇಟ್ಟಿದ್ದೇನೆ. ಹಳದಿ ಲೇಬಲ್ ಮೇಲೆ ಒರಳಿನ ಚಿತ್ರ ಇದೆ, ಅದನ್ನು ಬರೆದದ್ದು ನನ್ನ ಅಣ್ಣನ ಮಗಳು. ನಾಲ್ಕು ವರ್ಷದಿಂದ ಒಬ್ಬ ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಬೆಂಗಳೂರಿನ ಅಂಗಡಿಗಳಿಗೆ ಕೊಡುತ್ತಿದ್ದೆ. ಈಗ ಅದೇ ಹೆಸರು, ಅದೇ ಒರಳಿಗೆ ಅವರೇ ಅರ್ಜಿ ಹಾಕಿಕೊಂಡಿದ್ದಾರೆ. ಮಗ ಸ್ಟೇಟಸ್ ನೋಡಿದ, ‘ಅಕ್ಸೆಪ್ಟೆಡ್ ಅಂಡ್ ಅಡ್ವರ್ಟೈಸ್ಡ್’ ಅಂತಿದೆ. ಜರ್ನಲ್ ತಾರೀಖು ಜೂನ್ 9. ಕೇಳಿದರೆ, “ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು ಅಕ್ಕಾ, ಈ ಸ್ಟಾಂಪ್ ಪೇಪರಿಗೆ ಒಂದು ಸಹಿ ಹಾಕಿ” ಅನ್ನುತ್ತಾರೆ. ಹಾಕಲಾ?

ವಕೀಲೆ: ಹಾಕಬೇಡಿ. ಉಳಿದವರು ಸ್ವಲ್ಪ ಕಾಯಿರಿ, ಇವರಿಗೆ ದಿನ ಉಳಿದಿಲ್ಲ.

ಅಮ್ಮಾ, ಅವರ ಅರ್ಜಿಯನ್ನು ಒಪ್ಪಿ ಜರ್ನಲ್‌ನಲ್ಲಿ, ಅಂದರೆ ಟ್ರೇಡ್‌ಮಾರ್ಕ್ ಕಚೇರಿಯ ಪತ್ರಿಕೆಯಲ್ಲಿ, ಪ್ರಕಟಿಸಿದ್ದಾರೆ ಅಂತ ಅರ್ಥ. ಹಾಗೆ ಬಂದ ದಿನದಿಂದ ತಕರಾರು ಹಾಕಲು ನಾಲ್ಕು ತಿಂಗಳು. ಆ ಗಡುವು ವಿಸ್ತರಿಸುವುದಿಲ್ಲ. ನಿಮಗೆ ಅಕ್ಟೋಬರ್ 9ಕ್ಕೆ ಮುಗಿಯುತ್ತದೆ. ಅಂದರೆ 11 ದಿನ, ನಡುವೆ ದಸರಾ ರಜೆ. ತಕರಾರು ಅರ್ಜಿಯ ಹೆಸರು ಟಿಎಂ-ಒ. ಆನ್‌ಲೈನ್ ಶುಲ್ಕ ಒಂದು ಕ್ಲಾಸಿಗೆ 2,700. ರಜೆಯಲ್ಲೂ ಆನ್‌ಲೈನ್ ಹಾಕಬಹುದು. ಕೊನೇ ದಿನ ಸೈಟ್ ಕೈ ಕೊಟ್ಟರೆ ಯಾರನ್ನೂ ಕೇಳುವ ಹಾಗಿಲ್ಲ. ಅದಕ್ಕೆ ಈ ವಾರದಲ್ಲೇ ಮುಗಿಸಿ.

ನೋಂದಣಿ ಇಲ್ಲ ಅಂತ ಹೆದರಬೇಡಿ. ಮೊದಲು ಬಳಸಿದವರ ಹಕ್ಕನ್ನು ಕಾಯ್ದೆಯ 34ನೇ ಸೆಕ್ಷನ್ ಕಾಪಾಡುತ್ತದೆ. ತಿರುನೆಲ್ವೇಲಿಯ ‘ಇರುಟ್ಟುಕಡೈ’ ಹಲ್ವಾ ಕೇಸಿನಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ದೊಡ್ಡದು. ಆದರೆ ಮೊದಲು ಬಳಸಿದ್ದು ನೀವೇ ಅಂತ ಕಾಗದ ಹೇಳಬೇಕು. ನೀವು ಬಾಯಲ್ಲಿ ಹೇಳಿದರೆ ಸಾಲದು.

ಏನೇನು ಹುಡುಕಬೇಕು ಅಂದರೆ, ಮೊದಲ ಲೇಬಲ್ ಅಚ್ಚು ಹಾಕಿದ ಪ್ರೆಸ್ಸಿನ ಬಿಲ್, ಜಾತ್ರೆ ಅಥವಾ ಕೃಷಿ ಮೇಳದ ಸ್ಟಾಲ್ ರಸೀದಿ, ಹಳೇ ಪೌಚ್, ಆ ಡಿಸ್ಟ್ರಿಬ್ಯೂಟರ್‌ಗೆ ನೀವು ಬರೆದ ಬಿಲ್. ಈ ಕೊನೆಯದು ಬಹಳ ಮುಖ್ಯ. ಮಾಲು ಮಾಡಿದವರು ನೀವು, ಕೊಂಡವರು ಅವರು ಅಂತ ಅದೇ ತೋರಿಸುತ್ತದೆ. ಅವರ ವಾಟ್ಸಾಪ್ ಮೆಸೇಜು ಅಳಿಸಬೇಡಿ. “ನಿಮ್ಮ ಒಳ್ಳೆಯದಕ್ಕೇ” ಅಂದಿದ್ದು ಬರಹದಲ್ಲಿದ್ದರೆ ಅದೂ ಸಾಕ್ಷಿ. ಕೊರಿಯರ್ ಚೀಟಿ, ಮಷಿನ್ ಬಿಲ್‌ಗಳನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ಆ ನುಣುಪು ಕಾಗದದ ಅಕ್ಷರ ಎರಡು ಮೂರು ವರ್ಷಕ್ಕೆ ಮಾಸಿ ಬಿಳೀ ಹಾಳೆ ಆಗುತ್ತದೆ. ಒಳ್ಳೆಯ ಸಾಕ್ಷಿ ಹೀಗೆ ಹಾಳಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಜೊತೆಗೆ ನಿಮ್ಮ ಹೆಸರಿನಲ್ಲೂ ಅರ್ಜಿ ಹಾಕಿ. 2013ರಿಂದ ಬಳಕೆ ಅಂತ ಬರೆದು ಅಫಿಡವಿಟ್ ಕೊಡಿ. ಒರಳಿನ ಚಿತ್ರದ ಕಾಪಿರೈಟ್ ಬರೆದವರದು, ಹಾಗಾಗಿ ಅಣ್ಣನ ಮಗಳಿಂದ ಅದನ್ನು ನಿಮಗೆ ಬರಹದಲ್ಲಿ ಬರೆಸಿಕೊಳ್ಳಿ.

ಆ ಸ್ಟಾಂಪ್ ಪೇಪರಿನ ಫೋಟೋ ನನಗೆ ಪರ್ಸನಲ್ ಆಗಿ ಕಳಿಸಿ.

ಚಟ್ನಿಪುಡಿ, ರಾಣೆಬೆನ್ನೂರು: ಕಳಿಸಿದೆ ಮೇಡಂ. ಬಿಲ್ ಹುಡುಕುತ್ತೇನೆ. ಪ್ರೆಸ್ ಈಗ ಮುಚ್ಚಿದೆ.

ಬೇಕರಿ, ಹಾಸನ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. “ಹೆಸರಿನ ಪಕ್ಕ ವೃತ್ತದೊಳಗೆ ಆರ್ ಹಾಕಿ, ಯಾರೂ ಮುಟ್ಟಲ್ಲ. ಲೇಬಲ್ ಕವರಿನಲ್ಲಿಟ್ಟು ನಿಮಗೆ ನೀವೇ ರಿಜಿಸ್ಟರ್ ಪೋಸ್ಟ್ ಮಾಡಿಕೊಳ್ಳಿ, ಒಡೆಯಬೇಡಿ. ಒಂದಕ್ಷರ ಬದಲಿಸಿದರೆ ಅದು ಹೊಸ ಹೆಸರು. ತಪ್ಪದೇ ಹಂಚಿ.”

ವಕೀಲೆ: ದಯವಿಟ್ಟು ಹಂಚಬೇಡಿ. ಮೂರೂ ತಪ್ಪು. ವೃತ್ತದ ಆರ್ ನೋಂದಣಿ ಆದ ಮೇಲೆ ಮಾತ್ರ. ಮೊದಲೇ ಹಾಕಿದರೆ 107ನೇ ಸೆಕ್ಷನ್ ಅಡಿ ನಿಮ್ಮ ಮೇಲೇ ಕ್ರಮ ಆಗುತ್ತದೆ. ಅಲ್ಲಿಯವರೆಗೆ ‘ಟಿಎಂ’ ಹಾಕಿಕೊಳ್ಳಿ. ಕವರು ಬೀರುವಿನಲ್ಲಿ ಕೂತರೆ ಯಾವ ಹಕ್ಕೂ ಹುಟ್ಟುವುದಿಲ್ಲ. ಗಿರಾಕಿ ಅಂಗಡಿಗೆ ಬಂದು ಆ ಹೆಸರು ಹೇಳಿ ಕೇಳಬೇಕು, ಹಕ್ಕು ಹುಟ್ಟುವುದು ಅಲ್ಲಿ. ಇನ್ನು ಒಂದಕ್ಷರದ ಮಾತು. ‘ಗ್ಲೂಕೋವಿಟಾ’ ಇರುವಾಗ ‘ಗ್ಲುವಿಟಾ’ ಬಿಸ್ಕತ್ತಿಗೆ ನೋಂದಣಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 60 ವರ್ಷಕ್ಕೂ ಹಿಂದೆಯೇ ಹೇಳಿದೆ. ಜನ ಎರಡು ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಿಲ್ಲ. ಅರೆಬರೆ ನೆನಪಿನಲ್ಲಿ ಕೊಳ್ಳುತ್ತಾರೆ.

ಬೇಕರಿ, ಹಾಸನ: ಹಾಗಾದರೆ ನಂದಿನಿ ಹೋಟೆಲ್ ಕೇಸಿನಲ್ಲಿ ಕೆಎಂಎಫ್ ಯಾಕೆ ಸೋತಿತು? ಇಂಗ್ಲಿಷಿನಲ್ಲಿ ಒಂದು ‘ಎಚ್’ ಸೇರಿಸಿದ್ದಕ್ಕೇ ಅಲ್ವಾ?

ಕಾಫಿಪುಡಿ, ಚಿಕ್ಕಮಗಳೂರು: ಒಂದಕ್ಷರ ಬದಲಿಸಿದವರಿಂದಲೇ ನನಗೆ ಹೊಡೆತ ಬಿದ್ದಿರೋದು. ನನ್ನ ಪೌಚ್ ಅಂದುಕೊಂಡು ಅವರದ್ದು ಕೊಂಡವರು ನನಗೆ ಫೋನ್ ಮಾಡಿ ಬೈದರು. ಮೇಡಂ, ನನಗೆ ನೋಂದಣಿ ಇಲ್ಲ. ಏನು ಮಾಡಲಿ?

ಬೇಕರಿ, ಹಾಸನ: ಪುಡಿ ಚೆನ್ನಾಗಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ. ಹೆಸರಿನ ಜಗಳ ಕೆಲಸ ಇಲ್ಲದವರಿಗೆ.

ಕಾಫಿಪುಡಿ, ಚಿಕ್ಕಮಗಳೂರು: ಬೆಳಿಗ್ಗೆ ಐದಕ್ಕೆ ಬೀಜ ಹುರಿಯಲು ನಿಲ್ಲುತ್ತೇನೆ. ನನಗೆ ಕೆಲಸ ಇಲ್ವಾ? ನಿಮ್ಮ ಬೋರ್ಡಿನ ಹೆಸರು ಎಲ್ಲಿಂದ ತಂದಿರಿ, ಅದನ್ನು ಇಲ್ಲಿ ಹೇಳಿ.

ಸಾಂಬಾರ್ ಪುಡಿ, ಮೈಸೂರು: ಅಣ್ಣ, ಇಬ್ಬರೂ ಬಿಡಿ. ಮೇಡಂ ಟೈಮ್ ಹೋಗುತ್ತಿದೆ.

ಬೇಕರಿ, ಹಾಸನ: ನನ್ನದು ದೇವರ ಹೆಸರು. ದೇವರು ಯಾರಪ್ಪನ ಆಸ್ತಿನೂ ಅಲ್ಲ.

ಅಡ್ಮಿನ್: ಸರ್, ಅಪ್ಪನವರೆಗೆ ಹೋಗಬೇಡಿ. ಇನ್ನೊಂದು ಸಲ ಆದರೆ ತೆಗೆಯುತ್ತೇನೆ.

ವಕೀಲೆ: ನಂದಿನಿ ಕೇಸು ಸರಿಯಾಗಿ ತಿಳಿದುಕೊಳ್ಳಿ. ಕೆಎಂಎಫ್ 1985ರಿಂದ ಆ ಹೆಸರು ಬಳಸುತ್ತಿದೆ. ಹೋಟೆಲಿನವರು 1989ರಿಂದ. 2018ರಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಬರೀ ‘ಎಚ್’ ಅಲ್ಲ. ನಂದಿನಿ ಅನ್ನೋದು ದೇವತೆಯ, ಪುರಾಣದ ಹಸುವಿನ ಹೆಸರು, ಯಾರೋ ಹುಟ್ಟಿಸಿದ ಪದವಲ್ಲ. ಒಂದು ಕಡೆ ಹಾಲು, ಇನ್ನೊಂದು ಕಡೆ ಹೋಟೆಲ್. ಲೋಗೋ ಬೇರೆ. ಹೋಟೆಲಿನವರು ಬಹಳ ವರ್ಷದಿಂದ ವ್ಯಾಪಾರ ಮಾಡುತ್ತಾ ಬಂದವರು. ಅಷ್ಟಾದರೂ ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಆ ಹೆಸರು ಅವರಿಗೆ ಸಿಗಲಿಲ್ಲ. ಇದನ್ನು ತೋರಿಸಿ ಪಕ್ಕದ ಬೇಕರಿಯ ಹೆಸರಿಗೆ ಒಂದಕ್ಷರ ಸೇರಿಸಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಕಾಫಿಪುಡಿಯವರಿಗೆ: ನೋಂದಣಿ ಇಲ್ಲದಿದ್ದರೂ ‘ಪಾಸಿಂಗ್ ಆಫ್’ ದಾವೆ, ಅಂದರೆ ತಮ್ಮ ಮಾಲನ್ನು ನಿಮ್ಮದು ಅನ್ನುವ ಹಾಗೆ ಮಾರುತ್ತಿದ್ದಾರೆ ಅಂತ ದಾವೆ, ಹಾಕಬಹುದು. ಅವರ ಪೌಚನ್ನು ಬಿಲ್ ಸಮೇತ ಕೊಂಡಿಡಿ. ಬೈದ ಗಿರಾಕಿಗಳ ನಂಬರ್ ಬರೆದಿಡಿ. ತಡ ಮಾಡಬೇಡಿ.

ರವೆ ಉಂಡೆ, ಮಂಡ್ಯ: ಮೇಡಂ ನೋಂದಣಿಗೆ ಎಷ್ಟು ಖರ್ಚು?

ವಕೀಲೆ: 4,500. ಮೇಲೆ ಬರೆದಿದ್ದೇನೆ.

ತುಪ್ಪ, ಬೆಳಗಾವಿ: ದುಬೈ ಪ್ರಶ್ನೆ ಮೇಲಿದೆ ಮೇಡಂ.

ಚಕ್ಕುಲಿ, ತುಮಕೂರು: ಜಿಎಸ್‌ಟಿಯಲ್ಲಿ ಹೆಸರು ಇದ್ದರೆ ಸಾಕಲ್ವಾ?

ವಕೀಲೆ: ಸಾಲದು. ಮೇಲೆ ಓದಿ.

ಚಕ್ಕುಲಿ, ತುಮಕೂರು: ಸ್ವಲ್ಪ ಸಮಾಧಾನದಿಂದ ಹೇಳಿದರೆ ಏನಾಗುತ್ತದೆ?

ವಕೀಲೆ: ರಾಣೆಬೆನ್ನೂರಿನವರ ಪೇಪರ್ ಓದಿದೆ. ಹೆಸರನ್ನೂ ಚಿತ್ರವನ್ನೂ ‘ಸ್ವಂತ ಇಚ್ಛೆಯಿಂದ’ ಅವರಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಅದರ ಎರಡನೇ ಪುಟದಲ್ಲಿದೆ. ಯಾರು ಬಂದು ಕೂತರೂ ಸಹಿ ಬೇಡ. ಮಗನಿಗೂ ಹೇಳಿ.

ಬೇಕರಿ, ಹಾಸನ: ಮತ್ತೆ ನನ್ನ ದೇವರ ಹೆಸರಿನ ವಿಷಯ?

ಅಡ್ಮಿನ್: 6:20 ಆಯಿತು. ಹೊಸ ಪ್ರಶ್ನೆ ಬೇಡ.

ಚಟ್ನಿಪುಡಿ, ರಾಣೆಬೆನ್ನೂರು: ಮೇಡಂ, ಸಿಕ್ಕಿತು! ಮಾವನವರ ದೀಪಾವಳಿ ಪೂಜೆಯ ಖಾತೆ ಪುಸ್ತಕದೊಳಗೆ ಪ್ರೆಸ್ಸಿನ ಬಿಲ್ ಇತ್ತು. 2013, 500 ಲೇಬಲ್, ಅತ್ತೆಯ ಹೆಸರೂ ಬರೆದಿದೆ. ಅರಿಶಿನ ಹತ್ತಿದೆ, ಆದರೆ ಅಕ್ಷರ ಕಾಣುತ್ತದೆ. ಲ್ಯಾಮಿನೇಷನ್ ಮಾಡಿಸಲಾ?

ವಕೀಲೆ: ಬೇಡ, ಬೇಡ. ಅರಿಶಿನ ಒರೆಸಲೂ ಹೋಗಬೇಡಿ. ಪುಸ್ತಕದಲ್ಲಿ ಹೇಗಿತ್ತೋ ಹಾಗೇ ಇಟ್ಟು ಎರಡೂ ಬದಿ ಫೋಟೋ ತೆಗೆದು ಈಗಲೇ ಕಳಿಸಿ. ಟಿಎಂ-ಒ ಇವತ್ತು ರಾತ್ರಿಯೇ ಬರೆಯಲು ಕೂರುತ್ತೇನೆ.