26ಕ್ಕೇ ಬೆರಳು ಊದಿಕೊಳ್ಳುತ್ತಿದೆ, ನಿಮಗೂ ಹೀಗಾಗಿತ್ತಾ?

ಎರಡು ತಿಂಗಳಿಂದ ಬೆಳಿಗ್ಗೆ ಎದ್ದಾಗ ಎರಡೂ ಕೈ ಬೆರಳು ಊದಿರುತ್ತವೆ, ಮಡಚಲು ಆಗುವುದಿಲ್ಲ. ಹತ್ತು ಗಂಟೆ ಹೊತ್ತಿಗೆ ಸಡಿಲವಾಗುತ್ತವೆ. ಮನೆಯಲ್ಲಿ ಎಲ್ಲರದೂ ಒಂದೇ ಮಾತು, "ವಾಯು, ಆಲೂಗಡ್ಡೆ ಬಿಡು." ಸಂಧಿವಾತಕ್ಕೆ ಮಾಡುವ ರಕ್ತ ಪರೀಕ್ಷೆ, ಆರ್‌ಎ ಫ್ಯಾಕ್ಟರ್ ಟೆಸ್ಟ್, ನೆಗೆಟಿವ್ ಬಂದಿದೆ. ಮತ್ತೇನಿರಬಹುದು? ಅನುಭವ ಇದ್ದವರು ಹೇಳಿ.

ಮೈಸೂರಿನ ಅಕ್ಕ:
ತಂಗಿ, ನನಗೂ ಹೀಗೇ ಶುರುವಾಗಿದ್ದು, 29ನೇ ವಯಸ್ಸಿಗೆ. ಮೊದಲು ನಲ್ಲಿ ತಿರುಗಿಸಲು ಕಷ್ಟವಾಯಿತು. ಆಮೇಲೆ ಕುಕ್ಕರ್ ಮುಚ್ಚಳ ತೆಗೆಯಲು ದಿನಾ ಬೆಳಿಗ್ಗೆ ಗಂಡನನ್ನು ಎಬ್ಬಿಸಬೇಕಾಯಿತು. ನನ್ನ ಆರ್‌ಎ ಫ್ಯಾಕ್ಟರ್ ಕೂಡ ನೆಗೆಟಿವ್. ಏನಿಲ್ಲ ಬಿಡು ಅಂದುಕೊಂಡು ಎಂಟು ತಿಂಗಳು ನೋವಿನ ಮಾತ್ರೆ ನುಂಗಿದೆ. ತಪ್ಪು ಮಾಡಿದೆ. ಕೊನೆಗೆ ರುಮಟಾಲಜಿಸ್ಟ್ (ಕೀಲು ಕಾಯಿಲೆಗಳ ಡಾಕ್ಟರ್) ಹತ್ತಿರ ಹೋದಾಗ, ಅವರು ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಮೂರು ಸಲ ಕೇಳಿದರು. ಆಂಟಿ-ಸಿಸಿಪಿ ಅನ್ನುವ ಇನ್ನೊಂದು ರಕ್ತದ ಟೆಸ್ಟ್ ಪಾಸಿಟಿವ್ ಬಂತು. ರುಮಟಾಯ್ಡ್ ಸಂಧಿವಾತ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ನಮ್ಮ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದು ಇದ್ದೂ ಎರಡೂ ಟೆಸ್ಟ್ ನೆಗೆಟಿವ್ ಬರುವವರೂ ಇದ್ದಾರಂತೆ. ಈಗ ಅದಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ತೀನಿ. ವಾರಕ್ಕೊಮ್ಮೆ ಮಾತ್ರ, ದಿನಾ ಅಲ್ಲ. ಮರೆಯಬಾರದು ಅಂತ ಕ್ಯಾಲೆಂಡರ್‌ನ ಭಾನುವಾರಗಳಿಗೆ ಸುತ್ತು ಹಾಕಿದ್ದೇನೆ. ಬಸಿರಲ್ಲಿ ಆ ಮಾತ್ರೆ ಕೂಡದು, ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿಬಿಡು. ಆಲೂಗಡ್ಡೆ ಈಗಲೂ ತಿನ್ನುತ್ತೇನೆ.

ಹುಬ್ಬಳ್ಳಿಯಿಂದ:
ನನ್ನದು ಬೇರೆ ಥರ. 24ಕ್ಕೆ ಸೊಂಟ, ಹಿಮ್ಮಡಿ ನೋವು. ಮಲಗಿದಷ್ಟೂ ಜಾಸ್ತಿ, ಓಡಾಡಿದರೆ ಕಡಿಮೆ. ರಾತ್ರಿ ಮೂರಕ್ಕೆ ಎಚ್ಚರವಾಗಿ ಹಾಲ್‌ನಲ್ಲಿ ಅಡ್ಡಾಡುತ್ತಿದ್ದೆ. ಸುಮ್ನೆ ಎರಡು ಹಾಸಿಗೆ ಬದಲಾಯಿಸಿದೆ! ಒಂದು ದಿನ ಕಣ್ಣು ಕೆಂಪಾಗಿ ಬೆಳಕೇ ನೋಡಲಾಗಲಿಲ್ಲ. "ಬೆನ್ನು ನೋಯುತ್ತಾ?" ಅಂತ ಕೇಳಿದ್ದು ಕಣ್ಣಿನ ಡಾಕ್ಟರು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳ ಉರಿಯೂತ, ಕಣ್ಣಿಗೂ ಬರುತ್ತದಂತೆ) ಗೊತ್ತಾಗಿದ್ದು ಹಾಗೆ.

ತುಮಕೂರಿನಿಂದ:
2006ರಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗ ನಾನು ಪಿಯುಸಿ. ಜ್ವರ ನಾಲ್ಕೇ ದಿನ, ಕಾಲಿನ ಗಂಟು ಊತ ಐದು ತಿಂಗಳು. ನಿಮಗೆ ಈಚೆಗೆ ಜ್ವರ, ಭೇದಿ ಏನಾದರೂ ಆಗಿತ್ತಾ? ನನ್ನ ರೂಮ್‌ಮೇಟ್‌ಗೆ ಭೇದಿ ನಿಂತು ಮೂರು ವಾರಕ್ಕೆ ಮಂಡಿ ಊದಿತ್ತು.

ನರ್ಸ್ ಒಬ್ಬರು:
ಕೇಳಿದವರಿಗಲ್ಲ, ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಒಂದೇ ಕೀಲು ದಿಢೀರನೆ ಊದಿ, ಮುಟ್ಟಿದರೆ ಬಿಸಿ, ಜೊತೆಗೆ ಜ್ವರ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗೆ ಕೀವಾಗಿದ್ದರೆ ಕೆಲವೇ ದಿನದಲ್ಲಿ ಕೀಲು ಹಾಳಾಗುತ್ತದೆ. ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಇನ್ನು ನಿಮ್ಮ ವಿಷಯ. ಬಾಯಿ ಹುಣ್ಣು, ಕೆನ್ನೆಯ ಮೇಲೆ ಕೆಂಪು, ಕೂದಲು ಉದುರುವುದು ಇದ್ದರೆ ಡಾಕ್ಟರಿಗೆ ಹೇಳಿ, ಲೂಪಸ್ (ರೋಗನಿರೋಧಕ ಶಕ್ತಿ ಚರ್ಮ, ಕೀಲು, ಬೇರೆ ಅಂಗಗಳ ಮೇಲೂ ತಿರುಗಿಬೀಳುವ ಕಾಯಿಲೆ) ಇದೆಯಾ ಅಂತಲೂ ನೋಡುತ್ತಾರೆ. ಉಗುರಿನಲ್ಲಿ ಸಣ್ಣ ಗುಳಿಗಳಿದ್ದರೆ ತೋರಿಸಿ, ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆಯಿಂದಲೂ ಕೀಲು ಊದುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಗುರುವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಆದರೆ ಸಂಜೆ ಐದಕ್ಕೆ. ಅಷ್ಟು ಹೊತ್ತಿಗೆ ಬಾವು ಇಳಿದಿರುತ್ತದೆ, ನಂಬುತ್ತಾರಾ?

ಮೈಸೂರಿನ ಅಕ್ಕ:
ಎದ್ದ ಕೂಡಲೇ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೋ. ಮುಷ್ಟಿ ಕಟ್ಟಲು ಪ್ರಯತ್ನಿಸುವಾಗಿನದೂ ಒಂದಿರಲಿ. ಮತ್ತೆ ಉಂಗುರ ಇದ್ದರೆ ಈಗಲೇ ತೆಗೆದುಬಿಡು, ನನ್ನದನ್ನು ಕತ್ತರಿಸಿ ತೆಗೆಯಬೇಕಾಯಿತು.