ಆಡಿನ ಜಂತುಹುಳದಿಂದ ಮೈಟೊಕಾಂಡ್ರಿಯಾ ಡಿಎನ್‌ಎ: ಕೊನೆಗೆ ಏನೂ ಉಳಿಯುತ್ತಿಲ್ಲ

ಧಾರವಾಡ_ಪುಣೆ:
ಪುಣೆಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಜಂತುಹುಳದ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಕೊಡುವ ಭಾಗ) ಡಿಎನ್‌ಎ ಮಾತ್ರ ಬೇರ್ಪಡಿಸಬೇಕು. ಹುಳ ಹೀಮಾಂಕಸ್, ಆಡಿನ ನಾಲ್ಕನೇ ಹೊಟ್ಟೆಯಲ್ಲಿ ರಕ್ತ ಹೀರಿ ಬದುಕುವಂಥದ್ದು. ಕೊಂಢ್ವಾ ಕಡೆಯ ಕಸಾಯಿಖಾನೆಯಿಂದ ತಂದು ಸಲೈನ್‌ನಲ್ಲಿ ತೊಳೆದು ಮೈನಸ್ 20ರಲ್ಲಿ ಇಟ್ಟಿದ್ದೆ. ಎರಡು ವಾರ ಬಿಟ್ಟು ಅರೆದು, ಸೆಂಟ್ರಿಫ್ಯೂಜ್‌ನಲ್ಲಿ 1,000 ಜಿ (ಗುರುತ್ವದ 1,000 ಪಟ್ಟು) ಸ್ಪಿನ್‌ನಲ್ಲಿ ನ್ಯೂಕ್ಲಿಯಸ್ ಕೆಳಗೆ ಕೂರಿಸಿ, ಮೇಲಿನ ದ್ರವವನ್ನು 12,000 ಜಿಯಲ್ಲಿ ತಿರುಗಿಸಿ, ತಳದಲ್ಲಿ ಸಿಕ್ಕ ಮೈಟೊಕಾಂಡ್ರಿಯಾ ಪೆಲೆಟ್‌ಗೆ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿದೆ. ಡಿಎನ್‌ಎ ತೆಗೆದು ಜೆಲ್‌ನಲ್ಲಿ ಓಡಿಸಿ ನೋಡಿದರೆ ಜೆಲ್ ಪೂರ್ತಿ ಖಾಲಿ! ಡಿಎನ್‌ಏಸ್ ಹಾಕದಿದ್ದರೆ ಉದ್ದಕ್ಕೂ ಮಂಜು ಕವಿದ ಹಾಗೆ ಸ್ಮಿಯರ್ (ಬೇರೆ ಬೇರೆ ಉದ್ದದ ತುಂಡುಗಳ ಮಸುಕು). ಮೂರು ಸಲವೂ ಹೀಗೇ ಆಯ್ತು. ಎಲ್ಲಿ ತಪ್ಪುತ್ತಿದೆ?

ಔಂಧ್_ಲ್ಯಾಬ್:
ಫ್ರೀಜರ್‌ನಲ್ಲೇ ಕೆಟ್ಟಿದೆ. ನೀರು ಹೆಪ್ಪುಗಟ್ಟುವಾಗ ಐಸ್ ಹರಳು ಮೈಟೊಕಾಂಡ್ರಿಯಾದ ಪೊರೆ ಹರಿಯುತ್ತದೆ. ಪೊರೆ ಗಟ್ಟಿ ಇದ್ದರೆ ಡಿಎನ್‌ಏಸ್ ಹೊರಗಿನ ನ್ಯೂಕ್ಲಿಯಸ್ ಡಿಎನ್‌ಎ ಮಾತ್ರ ತಿನ್ನುತ್ತದೆ, ಹರಿದಿದ್ದರೆ ನಿಮಗೆ ಬೇಕಾದದ್ದನ್ನೂ ಬಿಡುವುದಿಲ್ಲ. ಹುಳ ತಾಜಾ ಇರಬೇಕು, ಅದೇ ದಿನ ಅರೆಯಬೇಕು, ಸುಕ್ರೋಸ್ ಬಫರ್ ಐಸ್‌ನಷ್ಟು ತಣ್ಣಗಿರಬೇಕು. ಮೇಲಿನ ಚರ್ಮ ಕೊಲಾಜೆನ್ ಅಲ್ವಾ, ತುಂಬಾ ಜಿಗುಟು. ಮೊದಲು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಆಮೇಲೆ ಮೆಲ್ಲಗೆ ಅರೆಯಿರಿ. ಜೋರಾಗಿ ಅರೆದರೆ ಫ್ರೀಜರ್ ಮಾಡಿದ ಕೆಲಸವನ್ನೇ ನಿಮ್ಮ ಕೈ ಮಾಡುತ್ತದೆ. ಮತ್ತೆ, ಎಸ್‌ಡಿಎಸ್ ಹಾಕಿ ಪೊರೆ ಒಡೆಯುವ ಮುಂಚೆ ಇಡಿಟಿಎ ಹಾಕಿ ಡಿಎನ್‌ಏಸ್ ನಿಲ್ಲಿಸಿದ್ದೀರಾ? ಅದನ್ನು ಮರೆತರೂ ಜೆಲ್ ಖಾಲಿಯೇ.

ಬಿಜಾಪುರದವ:
ಅಷ್ಟು ಶುದ್ಧ ಡಿಎನ್‌ಎ ನಿಮಗೆ ನಿಜವಾಗಿ ಬೇಕಾ? ಸೀಕ್ವೆನ್ಸ್ ಮಾತ್ರ ಬೇಕಾದರೆ ಸುಮ್ನೆ ಇಷ್ಟು ಕಷ್ಟ ಬೇಡ. ಈ ಹುಳದ ಮೈಟೊಕಾಂಡ್ರಿಯಾ ಜೀನೋಮ್ ಸುಮಾರು 14,000 ಬೇಸ್ ಜೋಡಿ, ಒಂದೊಂದು ಕೋಶದಲ್ಲೂ ಜಾಸ್ತಿ ಪ್ರತಿ ಇರುತ್ತವೆ. ಎಥನಾಲ್‌ನಲ್ಲಿಟ್ಟ ಒಂದೇ ಹುಳದಿಂದ ಪ್ರೋಟಿನೇಸ್ ಕೆ (ಪ್ರೋಟೀನ್ ಕರಗಿಸುವ ಕಿಣ್ವ) ಹಾಕಿ ಪೂರ್ತಿ ಡಿಎನ್‌ಎ ತೆಗೆದು, ಲಾಂಗ್ ಪಿಸಿಆರ್‌ನಲ್ಲಿ (ಡಿಎನ್‌ಎಯ ಉದ್ದ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಒಂದರ ಮೇಲೊಂದು ಸ್ವಲ್ಪ ಹಾಯುವ ಎರಡು ತುಂಡು ಮಾಡಿದರೆ ಸಾಕು. ಫಾರ್ಮಲಿನ್ ಮಾತ್ರ ಬೇಡವೇ ಬೇಡ. ಮೊಟ್ಟೆ ತುಂಬಿದ ಹೆಣ್ಣು ಹುಳವಾದರೂ ಚಿಂತೆ ಇಲ್ಲ, ಮೈಟೊಕಾಂಡ್ರಿಯಾ ತಾಯಿಯದೇ ಬರುತ್ತದೆ. ಭಯ ಇರುವುದು ಹೊಟ್ಟೆಯೊಳಗಿನ ರಕ್ತದ್ದು. ಬಿಳಿ ಅಂಡಾಶಯ ಸುತ್ತಿಕೊಂಡ ಆ ಕೆಂಪು ಕರುಳು ನೋಡಿದ್ದೀರಲ್ಲ, ಅದರಲ್ಲಿ ಆಡಿನ ಬಿಳಿ ರಕ್ತಕಣಗಳೂ ಇರುತ್ತವೆ, ಅವುಗಳ ಮೈಟೊಕಾಂಡ್ರಿಯಾವೂ. ಆಡಿನ ಪ್ರೈಮರ್ (ಆಡಿನ ಡಿಎನ್‌ಎಗೆ ಮಾತ್ರ ಅಂಟುವ ಸಣ್ಣ ತುಂಡು) ಹಾಕಿ ಒಂದು ಪಿಸಿಆರ್ ಮಾಡಿ ನೋಡಿ.

ಧಾರವಾಡ_ಪುಣೆ:
ಗೈಡ್‌ಗೆ ಶುದ್ಧ ಡಿಎನ್‌ಎಯೇ ಬೇಕಂತೆ. ಇವತ್ತು ಬೆಳಗ್ಗೆ ಐಸ್ ಡಬ್ಬಿ ತಗೊಂಡು ಹೋಗಿ ಸುಮಾರು 200 ಹುಳ ತಂದು, ಮಧ್ಯಾಹ್ನದೊಳಗೆ ಅರೆದೆ. ಇಡಿಟಿಎ ಮೊದಲಿನಿಂದಲೂ ಹಾಕುತ್ತಿದ್ದೆ. ಡಿಎನ್‌ಏಸ್ ಹಾಕಿದ ಟ್ಯೂಬ್‌ನಲ್ಲಿ ಈ ಸಲ ತೆಳುವಾಗಿ ಒಂದು ಗೆರೆ ಬಂದಿದೆ, ಸ್ಮಿಯರ್ ಇಲ್ಲ! ಆಡಿನ ಪ್ರೈಮರ್ ನಾಳೆ ಹಾಕುತ್ತೇನೆ.